ಅದೇ 20 ನರಕೋಶ, ಬೇರೆಯೇ ಜೋಡಣೆ: ಎರಡು ಹುಳುಗಳ ಗಂಟಲಿನ ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಇರುವುದು ಎರಡು ಹುಳುಗಳು. ಎರಡೂ ನೆಮಟೋಡ್, ಅಂದರೆ ದುಂಡುಹುಳು, ಗುಂಪಿಗೆ ಸೇರಿದವು, ಎರಡೂ ಸುಮಾರು ಒಂದು ಮಿಲಿಮೀಟರ್ ಉದ್ದ, ಎರಡರ ಮೈಯೂ ಪಾರದರ್ಶಕ. ಒಂದೇ ಅಗರ್ ತಟ್ಟೆಯಲ್ಲಿ ಬಿಟ್ಟರೆ ಯಾವುದು ಯಾವುದೆಂದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಮೊದಲನೆಯದು ಸೀನೊರ್ಯಾಬ್ಡೈಟಿಸ್ ಎಲಿಗಾನ್ಸ್. ಬ್ಯಾಕ್ಟೀರಿಯಾ ಹೀರಿಕೊಂಡು ಅರೆದು ತಿಂದು ಬದುಕುವ ಹುಳು. ಎರಡನೆಯದು ಪ್ರಿಸ್ಟಿಯಾಂಕಸ್ ಪ್ಯಾಸಿಫಿಕಸ್. ಅದೂ ಬ್ಯಾಕ್ಟೀರಿಯಾ ತಿನ್ನುತ್ತದೆ, ಆದರೆ ದಾರಿಯಲ್ಲಿ ಎಲಿಗಾನ್ಸ್‌ನ ಮರಿ ಸಿಕ್ಕರೆ ಹಲ್ಲು ಚುಚ್ಚಿ, ಮೈ ಸೀಳಿ, ಒಳಗಿನದನ್ನು ಹೀರಿಬಿಡುತ್ತದೆ.

ಇವೆರಡರ ಪೂರ್ವಜರು ಕಡಿಮೆಯೆಂದರೂ 10 ಕೋಟಿ ವರ್ಷಗಳ ಹಿಂದೆ ಬೇರೆಯಾದರು. ಅಷ್ಟು ಕಾಲದಲ್ಲಿ ಒಂದು ಬೇಟೆಗಾರನಾಯಿತು, ಇನ್ನೊಂದು ಆಗಲಿಲ್ಲ. ಹಾಗಾದರೆ ನರಮಂಡಲದಲ್ಲಿ ಬದಲಾದದ್ದೇನು? ಹೊಸ ನರಕೋಶಗಳು ಹುಟ್ಟಿಕೊಂಡವೇ? ಹಳೆಯವು ಸತ್ತವೇ? ಅಥವಾ ಇದ್ದ ಕೋಶಗಳೇ ತಮ್ಮತಮ್ಮೊಳಗಿನ ಸಂಪರ್ಕ ಬದಲಿಸಿಕೊಂಡವೇ? ಜರ್ಮನಿಯ ಟ್ಯೂಬಿಂಗನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಡೇನಿಯಲ್ ಬಂಬಾರ್ಗರ್, ಮೆಟ್ಟಾ ರೀಬೆಸೆಲ್, ಕ್ರಿಸ್ಟಿಯಾನ್ ರೋಡೆಲ್ಸ್‌ಪರ್ಗರ್ ಮತ್ತು ರಾಲ್ಫ್ ಸೊಮರ್ 2013ರಲ್ಲಿ ಇದಕ್ಕೆ ಕೊಟ್ಟ ಉತ್ತರವೇ ಈ ಬರಹದ ವಿಷಯ. ಆ ಉತ್ತರ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಲ್ಲದೆ ಸಿಗುತ್ತಿರಲಿಲ್ಲ. ಹಾಗೆ ಹೇಳಲು ಕಾರಣವಿದೆ, ಮುಂದೆ ಬರುತ್ತದೆ.

ಹಿನ್ನೆಲೆ

ನೆಮಟೋಡ್‌ಗಳ ನರಕೋಶ ಎಣಿಸುವ ಹುಚ್ಚು ಹೊಸದೇನಲ್ಲ. 1908ರ ಹೊತ್ತಿಗೇ ರಿಚರ್ಡ್ ಗೋಲ್ಡ್‌ಸ್ಮಿಟ್ ಎಂಬ ಜರ್ಮನ್ ವಿಜ್ಞಾನಿ ಕರುಳಿನ ದೊಡ್ಡ ಜಂತುಹುಳು ಆಸ್ಕರಿಸ್‌ನ ತಲೆಭಾಗದಲ್ಲಿ 162 ನರಕೋಶ ಎಣಿಸಿ, ಒಂದೊಂದನ್ನೂ ಗುರುತಿಸಿ ಚಿತ್ರ ಬರೆದಿದ್ದರು. ಅವರ ಕೈಲಿದ್ದದ್ದು ಸಾಧಾರಣ ಬೆಳಕಿನ ಮೈಕ್ರೋಸ್ಕೋಪ್. ಆಸ್ಕರಿಸ್ ಗೇಣುದ್ದದ ಹುಳು, ಅದರ ಕೋಶಗಳೂ ದೊಡ್ಡವು, ಆದ್ದರಿಂದ ಅದು ಸಾಧ್ಯವಾಯಿತು. ನೆಮಟೋಡ್‌ಗಳ ದೊಡ್ಡ ಗುಣ ಆಗಲೇ ಕಂಡಿತ್ತು: ಒಂದು ಜಾತಿಯ ಯಾವ ಹುಳುವನ್ನು ತೆಗೆದುಕೊಂಡರೂ ಅದೇ ಸಂಖ್ಯೆಯ ಕೋಶ, ಅದೇ ಜಾಗದಲ್ಲಿ.

1960ರ ದಶಕದಲ್ಲಿ ಕೇಂಬ್ರಿಜ್‌ನ ಎಂಆರ್‌ಸಿ (ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ) ಅಣುಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಸಿಡ್ನಿ ಬ್ರೆನರ್ ಎಲಿಗಾನ್ಸ್ ಹುಳುವನ್ನು ಆರಿಸಿಕೊಂಡಾಗ ಇದೇ ಗುಣ ಅವರನ್ನು ಸೆಳೆದಿತ್ತು. ಹುಳು ಸಣ್ಣದಾಗಿದ್ದದ್ದೂ ಅನುಕೂಲವೇ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನ ಸಣ್ಣ ಕಿಂಡಿಯಲ್ಲಿ ಹುಳುವಿನ ಇಡೀ ಅಡ್ಡ ಸೆಕ್ಷನ್, ಅಂದರೆ ಅಡ್ಡಕ್ಕೆ ಕತ್ತರಿಸಿದ ತೆಳು ಬಿಲ್ಲೆ, ಹಿಡಿಸಬೇಕಿತ್ತು. 1976ರಲ್ಲಿ ಡೊನ್ನಾ ಆಲ್ಬರ್ಟ್‌ಸನ್ ಮತ್ತು ನಿಕೋಲ್ ಥಾಮ್ಸನ್ ಈ ಹುಳುವಿನ ಗಂಟಲಿನ ಪೂರ್ಣ ರಚನೆಯನ್ನು ಪ್ರಕಟಿಸಿದರು. 1986ರಲ್ಲಿ ಜಾನ್ ವೈಟ್, ಐಲೀನ್ ಸೌತ್‌ಗೇಟ್, ಥಾಮ್ಸನ್ ಮತ್ತು ಬ್ರೆನರ್ ಉಳಿದ ನರಮಂಡಲವನ್ನೂ ಮುಗಿಸಿದರು. ದ್ವಿಲಿಂಗಿ ಹುಳುವಿನಲ್ಲಿ ಒಟ್ಟು 302 ನರಕೋಶ. ನಡುವೆ ಕಂಪ್ಯೂಟರ್ ಬಳಸಿ ನೋಡಿದರಾದರೂ ಆ ಕಾಲದ ಯಂತ್ರಕ್ಕೆ ಅಷ್ಟು ಶಕ್ತಿಯಿರಲಿಲ್ಲ. ಕೊನೆಗೆ ಫೋಟೋ ಪ್ರಿಂಟ್‌ಗಳ ಮೇಲೆ ಪೆನ್ನು ಹಿಡಿದು ಒಂದೊಂದೇ ತಂತುವಿಗೆ ಗುರುತು ಹಾಕುತ್ತ ಹೋದರು.

ಇಷ್ಟೆಲ್ಲ ಆದರೂ ಕೈಯಲ್ಲಿದ್ದದ್ದು ಒಂದೇ ಜಾತಿಯ ನಕ್ಷೆ. ಒಂದೇ ನಕ್ಷೆ ಇಟ್ಟುಕೊಂಡು ವಿಕಾಸದ ಬಗ್ಗೆ ಏನೂ ಹೇಳಲಾಗದು. ಅದರಲ್ಲಿ ಯಾವ ಸಂಪರ್ಕ ಹಳೆಯದು, ಯಾವುದು ಈ ಹುಳುವಿನದೇ ವಿಶೇಷ ಎಂದು ತಿಳಿಯಲು ಎರಡನೆಯ ಜಾತಿ ಬೇಕೇ ಬೇಕು. ಗಂಟಲಿನ ಆ ಎರಡನೆಯ ನಕ್ಷೆಗಾಗಿ 1976ರಿಂದ ಮೂರು ದಶಕಕ್ಕೂ ಹೆಚ್ಚು ಕಾಯಬೇಕಾಯಿತು ಎಂಬುದು ನನ್ನ ಮಟ್ಟಿಗೆ ಬೇಸರದ ಸಂಗತಿ. ಒಂದು ಹುಳುವಿನ ಹಿಂದೆ ಅಷ್ಟು ಜನ ಬಿದ್ದಿದ್ದಾಗ, ಪಕ್ಕದ ಹುಳುವನ್ನು ಸೆಕ್ಷನ್ ಮಾಡುವ ಕೆಲಸ ಯಾರಿಗೂ ತುರ್ತೆನಿಸಲಿಲ್ಲ.

ಗಂಟಲನ್ನೇ ಏಕೆ ಆರಿಸಿದರು

ಗಂಟಲು, ಅಂದರೆ ಫ್ಯಾರಿಂಕ್ಸ್, ನೆಮಟೋಡ್‌ನ ಬಾಯಿಂದ ಕರುಳಿನವರೆಗಿನ ಸ್ನಾಯುವಿನ ಕೊಳವೆ. ಆಹಾರವನ್ನು ಎಳೆದುಕೊಳ್ಳುವ ಪಂಪು ಅದು. ಅದರ ಸುತ್ತ ತನ್ನದೇ ಒಂದು ಪೊರೆ ಇದೆ, ಒಳಗೆ ತನ್ನದೇ ನರಮಂಡಲ ಇದೆ. ಎಲಿಗಾನ್ಸ್‌ನಲ್ಲಿ ಈ ಒಳಮಂಡಲಕ್ಕೆ ಸೇರಿದವು 14 ಬಗೆಯ 20 ನರಕೋಶಗಳು. ಹೊರಗಿನ 282 ನರಕೋಶಗಳಿಗೂ ಇವಕ್ಕೂ ನೇರ ಸೇತುವೆ ಒಂದೇ: ಆರ್‌ಐಪಿ ಎಂಬ ಜೋಡಿ ಕೋಶ ಹೊರಗಿಂದ ಪೊರೆ ದಾಟಿ ಬಂದು ಒಳಗಿನ ಐ1 ಜೋಡಿಯನ್ನು ಮುಟ್ಟುತ್ತದೆ.

ಹೀಗೆ ಎಲ್ಲೆ ಸ್ಪಷ್ಟವಾಗಿರುವ, ಸಣ್ಣ, ಸಂಪೂರ್ಣ ನರಮಂಡಲ ಸಿಗುವುದು ಅಪರೂಪ. ಇನ್ನೊಂದು ವಿಚಿತ್ರವೂ ಇದೆ. 1989ರಲ್ಲಿ ಲಿಯಾನ್ ಏವರಿ ಮತ್ತು ರಾಬರ್ಟ್ ಹಾರ್ವಿಟ್ಜ್ ಲೇಸರ್‌ನಿಂದ ಗಂಟಲಿನ ನರಕೋಶಗಳನ್ನೆಲ್ಲ ಸುಟ್ಟರೂ ಪಂಪು ನಿಲ್ಲಲಿಲ್ಲ, ಸ್ನಾಯು ತನ್ನಷ್ಟಕ್ಕೆ ಬಡಿಯುತ್ತಲೇ ಇತ್ತು. ಹಾಗಾದರೆ ನರಗಳ ಕೆಲಸ ಬಡಿತವನ್ನು ಹುಟ್ಟಿಸುವುದಲ್ಲ, ಅದರ ವೇಗ, ಲಯ, ಎಲ್ಲಿ ಹಿಗ್ಗಬೇಕು ಎಲ್ಲಿ ಕುಗ್ಗಬೇಕು ಎಂಬುದನ್ನು ತಿದ್ದುವುದು. ಬೇಟೆಗೂ ಬ್ಯಾಕ್ಟೀರಿಯಾ ಹೀರುವುದಕ್ಕೂ ಇರುವ ಅಂತರ ಇದೇ ತಿದ್ದುಪಡಿಯಲ್ಲಿ ಇರಬೇಕು.

ಎರಡು ಹುಳುಗಳ ಗಂಟಲಿನ ಹೊರರಚನೆಯಲ್ಲೇ ವ್ಯತ್ಯಾಸ ಕಾಣುತ್ತದೆ. ಎಲಿಗಾನ್ಸ್‌ನ ಗಂಟಲಿನ ಹಿಂತುದಿಯ ಉಬ್ಬಿನಲ್ಲಿ ಬ್ಯಾಕ್ಟೀರಿಯಾ ಅರೆಯುವ ಗಟ್ಟಿ ತಟ್ಟೆಗಳಿವೆ, ಬಾಯಲ್ಲಿ ಹಲ್ಲಿಲ್ಲ. ಪ್ರಿಸ್ಟಿಯಾಂಕಸ್‌ನಲ್ಲಿ ಅರೆಯುವ ತಟ್ಟೆಗಳೇ ಇಲ್ಲ, ಬಾಯಲ್ಲಿ ಅಲುಗಾಡುವ ಹಲ್ಲಿದೆ. ಅದರ ಬಾಯಿಗೂ ಎರಡು ರೂಪ. ಕೆಲವು ಹುಳುಗಳದ್ದು ಕಿರಿದಾದ ಬಾಯಿ, ಬೆನ್ನಿನ ಕಡೆ ಒಂದೇ ಹಲ್ಲು. ಇನ್ನು ಕೆಲವದ್ದು ಅಗಲ ಬಾಯಿ, ಬೆನ್ನಿನ ಕಡೆ ಕೊಕ್ಕೆಯಂಥ ದೊಡ್ಡ ಹಲ್ಲು, ಎದುರಿಗೆ ಇನ್ನೊಂದು. ಬೇಟೆಯಾಡುವುದು ಅಗಲ ಬಾಯಿಯವು. ಯಾವ ಮರಿ ಯಾವ ಬಾಯಿ ಪಡೆಯಬೇಕೆಂದು ತೀರ್ಮಾನಿಸುವಲ್ಲಿ ಈಯುಡಿ-1 ಎಂಬ ಜೀನ್ ನಿರ್ಣಾಯಕ ಎಂಬುದೂ 2013ರಲ್ಲೇ ಇದೇ ಪ್ರಯೋಗಾಲಯದಿಂದ ಹೊರಬಂತು.

ಈ ಹುಳುವಿನ ಬದುಕಿನ ಬಗ್ಗೆ ಒಂದು ಮಾತು. ಪ್ರಯೋಗಾಲಯದ ಮೂಲ ತಳಿ ಸಿಕ್ಕಿದ್ದು 1988ರಲ್ಲಿ, ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ. ಜಾತಿಯ ವಿವರಣೆ ಪ್ರಕಟವಾದದ್ದು 1996ರಲ್ಲಿ. ನಿಸರ್ಗದಲ್ಲಿ ಇದು ಸಗಣಿಹುಳುವಿನ ಬಳಗದ ದುಂಬಿಗಳ ಮೈಮೇಲೆ ಕೂತು, ದುಂಬಿ ಸಾಯುವವರೆಗೆ ಕಾಯುತ್ತದೆ. ಸತ್ತ ಮೇಲೆ ಹೆಣದ ಮೇಲೆ ಬ್ಯಾಕ್ಟೀರಿಯಾ, ಬೂಷ್ಟು, ಬೇರೆ ನೆಮಟೋಡ್‌ಗಳು ಎಲ್ಲ ಒಟ್ಟಿಗೆ ಮುಗಿಬೀಳುತ್ತವೆ. ಅಂಥ ಕಡೆ ಪಕ್ಕದವರನ್ನು ತಿನ್ನಬಲ್ಲ ಹುಳುವಿಗೆ ಎರಡು ಲಾಭ: ಊಟವೂ ಆಯಿತು, ಪೈಪೋಟಿಯೂ ತಗ್ಗಿತು.

ಸೆಕ್ಷನ್ ಕೆಲಸ

ಗಂಟಲಿನ ನರತಂತುಗಳು ಎಷ್ಟೋ ಕಡೆ 100–200 ನ್ಯಾನೋಮೀಟರ್ ದಪ್ಪ. ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪ್ ಬೇರ್ಪಡಿಸಿ ತೋರಿಸಬಲ್ಲ ಕನಿಷ್ಠ ಅಂತರವೂ ಸುಮಾರು 200 ನ್ಯಾನೋಮೀಟರ್. ಅಂದರೆ ನಾಲ್ಕು ತಂತು ಒತ್ತಾಗಿ ಹೋಗುತ್ತಿದ್ದರೆ ಬೆಳಕಿಗೆ ಅದು ಒಂದೇ ಗೆರೆ. ಆ ಗೆರೆಯೊಳಗೆ ಯಾರು ಯಾರಿಗೆ ಸಂದೇಶ ಕೊಡುತ್ತಿದ್ದಾರೆ ಎಂಬುದು ಕಾಣುವ ಮಾತೇ ಇಲ್ಲ. ಸಂದೇಶ ಹೊತ್ತ ಪುಟ್ಟ ಚೀಲಗಳಂತೂ 30–40 ನ್ಯಾನೋಮೀಟರ್. ಇಷ್ಟು ಸಣ್ಣದಕ್ಕೆ ಎಲೆಕ್ಟ್ರಾನ್ ಕಿರಣವೇ ಬೇಕು.

ಕೆಲಸ ಶುರುವಾಗುವುದು ಹುಳುವನ್ನು ಇದ್ದ ಹಾಗೇ ನಿಲ್ಲಿಸುವುದರಿಂದ. ನೆಮಟೋಡ್‌ನ ಹೊರಚರ್ಮ ಬಹಳ ಬಿಗಿ, ರಾಸಾಯನಿಕ ಸುಲಭಕ್ಕೆ ಒಳಗಿಳಿಯುವುದಿಲ್ಲ. ಹೊರಗೆ ದ್ರಾವಣ ಸುರಿದು ಕಾಯುತ್ತಿದ್ದರೆ ಅಷ್ಟರಲ್ಲಿ ಒಳಗಿನ ಪೊರೆಗಳು ಸುಕ್ಕಾಗಿರುತ್ತವೆ. ಹಾಗಾಗಿ ಈಗ ರೂಢಿಯಲ್ಲಿರುವ ವಿಧಾನದಲ್ಲಿ ಹುಳುವನ್ನು 2,000 ವಾತಾವರಣಕ್ಕೂ ಹೆಚ್ಚಿನ ಒತ್ತಡದಲ್ಲಿ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸುತ್ತಾರೆ. ಆ ಒತ್ತಡದಲ್ಲಿ ನೀರು ಹರಳಾಗದೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಪೊರೆಗಳು ಹರಿಯುವುದಿಲ್ಲ. ಆಮೇಲೆ ಕೊರೆಯುವ ಚಳಿಯಲ್ಲೇ ನೀರನ್ನು ತೆಗೆದು ಅಸಿಟೋನ್ ತುಂಬಿ, ಆಸ್ಮಿಯಂ ಟೆಟ್ರಾಕ್ಸೈಡ್ ಹಿಡಿಸಿ, ಕೊನೆಗೆ ರೆಸಿನ್‌ನಲ್ಲಿ ಹುದುಗಿಸುತ್ತಾರೆ. ಆಸ್ಮಿಯಂ ಪೊರೆಗಳಿಗೆ ಅಂಟಿಕೊಳ್ಳುವ ಭಾರಲೋಹ. ಎಲೆಕ್ಟ್ರಾನ್‌ಗಳನ್ನು ಅದು ಚದುರಿಸುವುದರಿಂದ ಚಿತ್ರದಲ್ಲಿ ಪೊರೆ ಕಪ್ಪು ಗೆರೆಯಾಗಿ ಮೂಡುತ್ತದೆ.

ಇನ್ನು ಕತ್ತರಿಸುವುದು. ಅಲ್ಟ್ರಾಮೈಕ್ರೋಟೋಮ್ ಎಂಬ ಕತ್ತರಿಸುವ ಯಂತ್ರದ ತೋಳು ರೆಸಿನ್ ಅಚ್ಚನ್ನು ಹಿಡಿದು ವಜ್ರದ ಅಲಗಿನ ಮುಂದೆ ಮೇಲೆ ಕೆಳಗೆ ಸರಿಯುತ್ತದೆ. ಒಂದು ಸಲ ಇಳಿದಾಗ ಒಂದು ಸೆಕ್ಷನ್, ದಪ್ಪ ಸುಮಾರು 50 ನ್ಯಾನೋಮೀಟರ್. ಅಲಗಿನ ಹಿಂದೆ ಒಂದು ಪುಟ್ಟ ನೀರಿನ ತೊಟ್ಟಿ. ಕತ್ತರಿಸಿದ ಸೆಕ್ಷನ್ ಜಾರಿ ಆ ನೀರಿನ ಮೇಲೆ ತೇಲುತ್ತದೆ, ಮುಂದಿನದು ಅದರ ಅಂಚಿಗೆ ಅಂಟಿಕೊಳ್ಳುತ್ತದೆ, ಹೀಗೆ ಒಂದರ ಹಿಂದೊಂದು ಸೇರಿ ರಿಬ್ಬನ್ ಆಗುತ್ತದೆ. ದಪ್ಪ ಸರಿಯಿದೆಯೇ ಎಂದು ತಿಳಿಯುವುದು ಬಣ್ಣದಿಂದ: ರಿಬ್ಬನ್ ಬೂದು ಅಥವಾ ಬೆಳ್ಳಿಯಂತೆ ಹೊಳೆದರೆ ಸರಿ, ಚಿನ್ನದ ಛಾಯೆ ಬಂದರೆ ದಪ್ಪವಾಗಿದೆ ಎಂದು ಅರ್ಥ. ಆಮೇಲೆ ರಿಬ್ಬನ್ನನ್ನು ತೆಳು ಪ್ಲಾಸ್ಟಿಕ್ ಪೊರೆ ಹೊದಿಸಿದ, ಮೂರು ಮಿಲಿಮೀಟರ್ ಅಗಲದ ಲೋಹದ ಗ್ರಿಡ್ ಮೇಲೆ ಎತ್ತಿಕೊಳ್ಳಬೇಕು. ಮಡಿಕೆ ಬೀಳಬಾರದು, ಧೂಳು ಕೂರಬಾರದು, ಕ್ರಮ ತಪ್ಪಬಾರದು.

ಗಂಟಲು ಸುಮಾರು 150 ಮೈಕ್ರೋಮೀಟರ್ ಉದ್ದ. 50 ನ್ಯಾನೋಮೀಟರ್‌ನಂತೆ ಕತ್ತರಿಸಿದರೆ 3,000 ಸೆಕ್ಷನ್. ಅಕ್ಕಪಕ್ಕದ ನಾಲ್ಕೈದು ಸೆಕ್ಷನ್ ಒಟ್ಟಿಗೆ ಹಾಳಾದರೆ ಸಪೂರ ತಂತುವೊಂದು ಈಚೆ ದಡದಲ್ಲಿ ಮುಳುಗಿ ಆಚೆ ದಡದಲ್ಲಿ ಎದ್ದಾಗ ಅದೇ ತಂತುವೋ ಪಕ್ಕದ್ದೋ ಎಂದು ಹೇಳಲಾಗುವುದಿಲ್ಲ. ಅಲ್ಲಿಗೆ ಅದುವರೆಗಿನ ಶ್ರಮ ಸಂಶಯಕ್ಕೆ ಬೀಳುತ್ತದೆ. ಟ್ಯೂಬಿಂಗನ್ ತಂಡ ಇಂಥ ಸರಣಿಯನ್ನು ಒಂದಲ್ಲ, ಪ್ರಿಸ್ಟಿಯಾಂಕಸ್‌ನ ಎರಡು ಹುಳುಗಳಲ್ಲಿ ಮಾಡಿತು. ನಾನು ಈ ಅಧ್ಯಯನವನ್ನು ನಂಬುವುದಕ್ಕೆ ಮೊದಲ ಕಾರಣ ಆ ಎರಡನೆಯ ಹುಳು. ಒಂದೇ ಹುಳುವಿನಲ್ಲಿ ಕಂಡದ್ದು ಜಾತಿಯ ಗುಣವೋ ಆ ಹುಳುವಿನ ವೈಯಕ್ತಿಕ ವಿಚಿತ್ರವೋ ಎಂದು ಕೇಳಿದರೆ ಉತ್ತರ ಇರುತ್ತಿರಲಿಲ್ಲ.

‘ಅದೇ ಕೋಶ’ ಎನ್ನಲು ಆಧಾರ

ಇಡೀ ಪ್ರಕರಣದ ತಿರುಳು ಇಲ್ಲಿದೆ, ಓದುವವರು ಸಾಮಾನ್ಯವಾಗಿ ಬೇಗ ದಾಟಿಹೋಗುವುದೂ ಇಲ್ಲಿಯೇ.

ಎರಡು ಜಾತಿಗಳ ನಕ್ಷೆ ಹೋಲಿಸಬೇಕಾದರೆ ಈ ಹುಳುವಿನ ಈ ಕೋಶ ಆ ಹುಳುವಿನ ಆ ಕೋಶಕ್ಕೆ ಸಮ ಎಂದು ಮೊದಲು ತೀರ್ಮಾನಿಸಬೇಕು. ಯಾವ ಆಧಾರದ ಮೇಲೆ? ಸಂಪರ್ಕಗಳನ್ನೇ ನೋಡಿ, ‘ಇದು ಇಂಥಿಂಥ ಕೋಶಕ್ಕೆ ಸಂದೇಶ ಕೊಡುತ್ತದೆ, ಆದ್ದರಿಂದ ಇದು ಐ2 ಎಂಬ ಕೋಶ’ ಎಂದು ಹೆಸರಿಟ್ಟರೆ, ಆಮೇಲೆ ‘ಐ2ನ ಸಂಪರ್ಕ ಬದಲಾಗಿಲ್ಲ’ ಎನ್ನುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಸಾಬೀತು ಮಾಡಬೇಕಾದದ್ದನ್ನೇ ಮೊದಲು ಒಪ್ಪಿಕೊಂಡಂತಾಗುತ್ತದೆ. ಸಂಪರ್ಕ ಬದಲಾಗಿದ್ದರಂತೂ ಕೋಶದ ಗುರುತೇ ತಪ್ಪುತ್ತದೆ.

ತಂಡ ಆಧಾರಕ್ಕೆ ತೆಗೆದುಕೊಂಡದ್ದು ಬೇರೆ ಎರಡು ಸಂಗತಿ: ಕೋಶಕಾಯ ಎಲ್ಲಿದೆ ಎಂಬುದು, ಮತ್ತು ಅದರಿಂದ ಹೊರಟ ತಂತು ಯಾವ ದಾರಿಯಲ್ಲಿ ಹೋಗಿ ಎಲ್ಲಿ ಮುಗಿಯುತ್ತದೆ ಎಂಬುದು. ಗಂಟಲಿನ ಹಿಂಭಾಗದ ಉಬ್ಬಿನಲ್ಲಿ ಇಂಥ ಕಡೆ ಕೂತು, ಇಂಥ ಪಟ್ಟಿಯಲ್ಲಿ ಮುಂದೆ ಸಾಗಿ, ಇಂಥ ಸ್ನಾಯುವಿನ ಬಳಿ ನಿಲ್ಲುವ ಕೋಶ ಎಂದು ಎರಡೂ ಹುಳುಗಳಲ್ಲಿ ಒಂದೊಂದನ್ನೇ ಹುಡುಕಿದರು. ಸಿನಾಪ್ಸ್‌ಗಳನ್ನು (ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗಗಳನ್ನು) ಲೆಕ್ಕಕ್ಕೆ ತರದೆಯೇ 20ಕ್ಕೆ 20 ಕೋಶವೂ ಜೋಡಿಯಾದವು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಹಲ್ಲಿಲ್ಲದ ಹುಳುವಿಗೂ ಹಲ್ಲಿರುವ ಹುಳುವಿಗೂ ಅದೇ 20 ನರಕೋಶ.

ಇಲ್ಲಿಗೇ ನಿಲ್ಲಿಸಿದ್ದರೆ ವಿಕಾಸದಲ್ಲಿ ಈ ನರಮಂಡಲ ಬದಲಾಗಿಯೇ ಇಲ್ಲ ಎಂದು ಯಾರಾದರೂ ಬರೆಯುತ್ತಿದ್ದರು. ಬೆಳಕಿನ ಮೈಕ್ರೋಸ್ಕೋಪ್ ಮಾತ್ರ ಇದ್ದಿದ್ದರೆ ಹಾಗೇ ಬರೆಯಬೇಕಾಗುತ್ತಿತ್ತು ಕೂಡ.

ಆಮೇಲೆ ಸಿನಾಪ್ಸ್‌ಗಳನ್ನು ಎಣಿಸಿದರು. ಎಲೆಕ್ಟ್ರಾನ್ ಚಿತ್ರದಲ್ಲಿ ಸಿನಾಪ್ಸ್ ಎಂದರೆ, ಸಂದೇಶ ಕೊಡುವ ಕೋಶದ ಪೊರೆಯ ಒಳಮಗ್ಗುಲಿಗೆ ಒಂದು ಕಪ್ಪು ದಪ್ಪ ಗುರುತು, ಅದರ ಸುತ್ತ ಚೀಲಗಳ ಗುಂಪು. ಪಡೆಯುವ ಕಡೆ ನೆಮಟೋಡ್‌ಗಳಲ್ಲಿ ಸಾಮಾನ್ಯವಾಗಿ ಎದ್ದು ಕಾಣುವಂಥದ್ದೇನೂ ಇರುವುದಿಲ್ಲ. ಆ ಕಪ್ಪು ಗುರುತಿಗೆ ಎದುರಾಗಿ ಯಾವ ಪೊರೆ ಇದೆಯೋ ಅದೇ ಪಡೆಯುವ ಕೋಶ. ಎಷ್ಟೋ ಸಲ ಒಂದೇ ಗುರುತಿನ ಎದುರು ಎರಡು ಮೂರು ಕೋಶಗಳು ನಿಂತಿರುತ್ತವೆ. ಎರಡು ತಂತು ಉದ್ದಕ್ಕೂ ಮೈಗೆ ಮೈ ತಾಗಿಸಿಕೊಂಡು ಹೋಗಿಯೂ ನಡುವೆ ಒಂದು ಸಿನಾಪ್ಸ್ ಕೂಡ ಇಲ್ಲದಿರಬಹುದು. ತಾಗಿರುವುದು ಬೇರೆ, ಸಂಪರ್ಕ ಬೇರೆ. ಹೀಗೆ ಪ್ರತಿ ಸೆಕ್ಷನ್ ನೋಡಿ, ಕೊಡುವವರು ಯಾರು ಪಡೆಯುವವರು ಯಾರು ಎಂದು ಬರೆದುಕೊಂಡು, ಆ ಪಟ್ಟಿಯನ್ನು ಎಲಿಗಾನ್ಸ್‌ನ ಪಟ್ಟಿಯ ಪಕ್ಕದಲ್ಲಿಟ್ಟರು.

ಕಂಡದ್ದು

ಎರಡು ಪಟ್ಟಿಗಳು ತಾಳೆಯಾಗಲಿಲ್ಲ, ಅದೂ ಅಲ್ಲೊಂದು ಇಲ್ಲೊಂದು ಕಡೆಯಲ್ಲ. ವ್ಯತ್ಯಾಸ ಇಡೀ ಮಂಡಲಕ್ಕೆ ಹರಡಿತ್ತು. ಒಂದು ಹುಳುವಿನಲ್ಲಿ ಇರುವ ಸಂಪರ್ಕ ಇನ್ನೊಂದರಲ್ಲಿ ಇಲ್ಲ, ಅಲ್ಲಿ ಇಲ್ಲದ್ದು ಇಲ್ಲಿ ಇದೆ. ಕೋಶಗಳು ಅವೇ, ಅವುಗಳ ನಡುವಿನ ಮಾತುಕತೆ ಬೇರೆ.

ಬರೀ ‘ಬೇರೆ’ ಎಂದರೆ ಸಾಲದು, ಯಾವ ದಿಕ್ಕಿನಲ್ಲಿ ಬೇರೆ ಎಂದು ಹೇಳಬೇಕಲ್ಲ. ಅದಕ್ಕಾಗಿ ನಕ್ಷೆಗಳನ್ನು ಗ್ರಾಫ್ ಗಣಿತಕ್ಕೆ ಒಳಪಡಿಸಿದರು. ಕೋಶ ಒಂದು ಬಿಂದು, ಸಿನಾಪ್ಸ್ ದಿಕ್ಕುಳ್ಳ ಒಂದು ಗೆರೆ. ಪ್ರಿಸ್ಟಿಯಾಂಕಸ್‌ನಲ್ಲಿ ಗಂಟಲಿನ ಮುಂಭಾಗದ ಸಂಪರ್ಕಗಳು ಹೆಚ್ಚು ಜಟಿಲವಾಗಿದ್ದವು. ಹಲ್ಲಿರುವುದು ಅಲ್ಲಿಯೇ. ಅರೆಯುವ ತಟ್ಟೆಯಿರುವ ಎಲಿಗಾನ್ಸ್‌ಗೆ ಕಷ್ಟದ ಕೆಲಸ ಹಿಂತುದಿಯಲ್ಲಿ, ಹಲ್ಲು ಆಡಿಸಬೇಕಾದ ಪ್ರಿಸ್ಟಿಯಾಂಕಸ್‌ಗೆ ಮುಂತುದಿಯಲ್ಲಿ. ಮುಂಭಾಗದ ಸ್ನಾಯುಗಳ ಮೇಲೆ ಪ್ರಭಾವ ಬೀರಬಲ್ಲ ಜಾಗದಲ್ಲಿ ಯಾರಿದ್ದಾರೆ ಎಂದು ಲೆಕ್ಕ ಹಾಕಿದಾಗ ಮೇಲೆ ಬಂದ ಹೆಸರುಗಳು ಐ1 ಮತ್ತು ಐ2. ಬೇಟೆಯ ವರ್ತನೆಯನ್ನು ಇವು ನಿಯಂತ್ರಿಸುತ್ತಿರಬಹುದು ಎಂದು ತಂಡ ಅಂದಾಜು ಮುಂದಿಟ್ಟಿತು. ಐ1 ಎಂದರೆ ಹೊರಗಿನ ನರಮಂಡಲದ ಸೇತುವೆ ಬಂದು ಮುಟ್ಟುವ ಕೋಶ ಎಂಬುದನ್ನು ನೆನಪಿಟ್ಟುಕೊಂಡರೆ ಈ ಅಂದಾಜು ಇನ್ನೂ ಕುತೂಹಲ ಕೆರಳಿಸುತ್ತದೆ.

ಎಷ್ಟರ ಮಟ್ಟಿಗೆ ನಂಬಬಹುದು

ಹೋಲಿಕೆಯ ಎಲಿಗಾನ್ಸ್ ಮಗ್ಗುಲು ನಿಂತಿರುವುದು 1970ರ ದಶಕದ ಕೇಂಬ್ರಿಜ್ ಕೆಲಸದ ಮೇಲೆ. ಆಗಿನ ರಾಸಾಯನಿಕ ವಿಧಾನ ಬೇರೆ, ಫಿಲ್ಮ್ ಬೇರೆ, ಸಿನಾಪ್ಸ್ ಎಂದು ಗುರುತಿಸಿದ ಕಣ್ಣುಗಳು ಬೇರೆ. ಸಣ್ಣ ಸಂಪರ್ಕಗಳ ಮಟ್ಟಿಗೆ ಈ ವ್ಯತ್ಯಾಸ ಲೆಕ್ಕವನ್ನು ಸ್ವಲ್ಪ ಅತ್ತಿತ್ತ ಮಾಡಬಲ್ಲದು. ಆದರೆ ಕಂಡ ಬದಲಾವಣೆ ಇಡೀ ಮಂಡಲದ್ದಾದ್ದರಿಂದ, ಮತ್ತು ಅದಕ್ಕೆ ಹಲ್ಲಿನ ಕಡೆಗೆ ವಾಲುವ ಒಂದು ದಿಕ್ಕು ಇರುವುದರಿಂದ, ಇದನ್ನೆಲ್ಲ ವಿಧಾನದ ದೋಷದ ಮೇಲೆ ಹಾಕಿ ತಳ್ಳಿಹಾಕಲು ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ದೋಷಕ್ಕೆ ಹಲ್ಲು ಎಲ್ಲಿದೆ ಎಂದು ಗೊತ್ತಿರುವುದಿಲ್ಲ.

ಇನ್ನೊಂದು ಮಿತಿ ಹೆಚ್ಚು ಮೂಲಭೂತವಾದದ್ದು. ಎಲೆಕ್ಟ್ರಾನ್ ಚಿತ್ರ ತಂತಿ ಜೋಡಣೆ ತೋರಿಸುತ್ತದೆ, ಅದರಲ್ಲಿ ಹರಿಯುವ ಸಂದೇಶ ತೋರಿಸುವುದಿಲ್ಲ. ಒಂದು ಸಿನಾಪ್ಸ್ ಮುಂದಿನ ಕೋಶವನ್ನು ಎಬ್ಬಿಸುತ್ತದೋ ಸುಮ್ಮನಾಗಿಸುತ್ತದೋ ಎಂದು ಕಪ್ಪು ಗುರುತು ನೋಡಿ ಹೇಳಲಾಗದು. ಸಿನಾಪ್ಸ್‌ನ ಹಂಗಿಲ್ಲದೆ ಸುತ್ತಲೂ ಹರಡುವ ಸೆರೋಟೋನಿನ್‌ನಂಥ ರಾಸಾಯನಿಕಗಳು ಈ ನಕ್ಷೆಯಲ್ಲಿ ಬರುವುದೇ ಇಲ್ಲ. ಪ್ರಿಸ್ಟಿಯಾಂಕಸ್‌ನಲ್ಲಿ ಸೆರೋಟೋನಿನ್ ಕೊಟ್ಟರೆ ಹಲ್ಲು ಆಡತೊಡಗುತ್ತದೆ ಎಂದು 2015ರಲ್ಲಿ ವರದಿಯಾಯಿತು. ಅಂದರೆ ಬೇಟೆಯ ವಿವರಣೆಗೆ ಜೋಡಣೆ ಬೇಕು, ರಾಸಾಯನಿಕವೂ ಬೇಕು. ಎಲಿಗಾನ್ಸ್‌ನಲ್ಲಿ ಐ2 ಕೋಶ ಬೆಳಕು ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ಗೆ ಸ್ಪಂದಿಸಿ ನುಂಗುವುದನ್ನು ತಡೆಯುತ್ತದೆ ಎಂದು ಅದೇ ವರ್ಷ ಹಾರ್ವಿಟ್ಜ್ ಪ್ರಯೋಗಾಲಯ ತೋರಿಸಿತು. ಇದು ಗೊತ್ತಾದದ್ದು ಜೀವಂತ ಹುಳುವಿನಲ್ಲಿ, ಸೆಕ್ಷನ್‌ನಲ್ಲಿ ಅಲ್ಲ.

ಆಮೇಲಿನ ಬೆಳವಣಿಗೆ

ಗಂಟಲಿನಲ್ಲಿ ಕಂಡದ್ದು ಗಂಟಲಿಗಷ್ಟೇ ಸೀಮಿತವೇ ಎಂಬ ಪ್ರಶ್ನೆ ಸಹಜವಾಗಿ ಬಂತು. 2019ರಲ್ಲಿ ಇದೇ ಎರಡು ಹುಳುಗಳ ತಲೆಯಲ್ಲಿರುವ, ವಾಸನೆ ಮತ್ತು ರುಚಿ ಹಿಡಿಯುವ ಆಂಫಿಡ್ ಅಂಗದ ನರಕೋಶಗಳನ್ನು ಸೆಕ್ಷನ್‌ಗಳಲ್ಲಿ ಹೋಲಿಸಲಾಯಿತು. ಅಲ್ಲಿಯೂ ಕೋಶಗಳ ಸಂಖ್ಯೆ, ಜಾಗ ಅವೇ. ಎಲಿಗಾನ್ಸ್‌ನಲ್ಲಿ ಕೆಲವು ಕೋಶಗಳ ತುದಿ ರೆಕ್ಕೆಯಂತೆ ಅಗಲಕ್ಕೆ ಹರಡಿಕೊಂಡಿರುತ್ತದೆ, ಪ್ರಿಸ್ಟಿಯಾಂಕಸ್‌ನಲ್ಲಿ ಆ ರೆಕ್ಕೆಗಳಿಲ್ಲ. ನನಗೆ ಹೆಚ್ಚು ಮುಖ್ಯವೆನಿಸಿದ್ದು ಇನ್ನೊಂದು ಅಂಶ: ಯಾವ ತಂತುವಿನ ಪಕ್ಕದಲ್ಲಿ ಯಾವ ತಂತು ಹೋಗುತ್ತದೆ ಎಂಬ ನೆರೆಹೊರೆ ಎರಡರಲ್ಲೂ ಬಹುತೇಕ ಒಂದೇ, ಆದರೆ ಆ ನೆರೆಹೊರೆಯೊಳಗೆ ಯಾರು ಯಾರ ಜೊತೆ ಸಿನಾಪ್ಸ್ ಮಾಡಿಕೊಂಡಿದ್ದಾರೆ ಎಂಬುದು ಎಷ್ಟೋ ಕಡೆ ಬದಲಾಗಿದೆ. 2025ರಲ್ಲಿ ಪ್ರಿಸ್ಟಿಯಾಂಕಸ್‌ನ ತಲೆಯ ಸಂಪರ್ಕನಕ್ಷೆಯೇ ಹೊರಬಂದು, ಹೋಲಿಕೆ ಇನ್ನೂ ವಿಶಾಲವಾಯಿತು.

ಗ್ರಂಥಿಗಳ ವಿಚಾರ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದು ನಮ್ಮ ಹೊಲದವರೆಗೆ ಬರುತ್ತದೆ. 2013ರ ನಕ್ಷೆ ನೋಡಿ, ಗಂಟಲಿನ ಗ್ರಂಥಿಗಳ ಕೆಲಸ ಎರಡು ಹುಳುಗಳಲ್ಲಿ ಬಹಳ ಬೇರೆಯಾಗಿರಬೇಕು ಎಂದು ತಂಡ ಊಹಿಸಿತ್ತು. 2017ರಲ್ಲಿ ರೀಬೆಸೆಲ್ ಮತ್ತು ಸೊಮರ್ ಆ ಸೆಕ್ಷನ್ ವಿಧಾನದಲ್ಲೇ ಪ್ರಿಸ್ಟಿಯಾಂಕಸ್‌ನ ಗ್ರಂಥಿಗಳನ್ನು ಮೂರು ಆಯಾಮದಲ್ಲಿ ಕಟ್ಟಿದರು. ಎಲಿಗಾನ್ಸ್‌ನಲ್ಲಿ ಎರಡು ಬಗೆಯ ಐದು ಗ್ರಂಥಿಕೋಶಗಳಿದ್ದರೆ ಇದರಲ್ಲಿ ಇರುವುದು ಮೂರೇ: ಬೆನ್ನಿನ ಕಡೆ ಒಂದು, ಹೊಟ್ಟೆಯ ಕಡೆ ಎರಡು. ಬೆನ್ನಿನ ಗ್ರಂಥಿಯ ನಾಳ ಮುಂದೆ ಬಂದು ತೆರೆದುಕೊಳ್ಳುವುದು ಬೆನ್ನಿನ ಹಲ್ಲಿನಲ್ಲೇ. ಕಚ್ಚುವ ಜಾಗಕ್ಕೇ ಸ್ರಾವ ಇಳಿಯುವಂಥ ಏರ್ಪಾಡು.

ಗಿಡಗಳ ಬೇರಿಗೆ ಬೀಳುವ ನೆಮಟೋಡ್‌ಗಳಲ್ಲೂ ಇದೇ ಲೆಕ್ಕ, ಬೆನ್ನಿಗೆ ಒಂದು ಗ್ರಂಥಿ, ಹೊಟ್ಟೆಗೆ ಎರಡು. ಕರ್ನಾಟಕದಲ್ಲಿ ಟೊಮೆಟೊ, ಬದನೆ, ಕಾಳುಮೆಣಸು ಬೆಳೆಯುವವರು ಬೇರುಗಂಟು ರೋಗ ಎಂದು ಕರೆಯುವುದು ಈ ಗುಂಪಿನ ಮೆಲಾಯ್ಡೊಗೈನ್ ಹುಳುವಿನ ಕೆಲಸ. ಅದಕ್ಕೆ ಹಲ್ಲಿನ ಬದಲು ಸೂಜಿಯಂಥ ಟೊಳ್ಳು ಮುಳ್ಳಿದೆ. ಅದರ ಗ್ರಂಥಿಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದವರಿಗೆ ಕಂಡದ್ದು: ಮರಿ ಹುಳು ಬೇರು ಕೊರೆದು ಒಳನುಗ್ಗುವ ಹಂತದಲ್ಲಿ ಹೊಟ್ಟೆಯ ಕಡೆಯ ಗ್ರಂಥಿಗಳು ಸ್ರಾವದ ಕಣಗಳಿಂದ ತುಂಬಿರುತ್ತವೆ. ಬೇರಿನೊಳಗೆ ಒಂದೆಡೆ ನೆಲೆನಿಂತು ಗಿಡದ ಕೋಶಗಳಿಂದ ಆಹಾರ ಹೀರತೊಡಗಿದ ಮೇಲೆ ಅವು ಹಿಂದೆ ಸರಿದು, ಬೆನ್ನಿನ ಗ್ರಂಥಿ ಉಬ್ಬುತ್ತದೆ. ಪ್ರಿಸ್ಟಿಯಾಂಕಸ್‌ನಂಥ ಸ್ವತಂತ್ರ ಬೇಟೆಗಾರ ಹುಳುವನ್ನು ಪ್ರಯೋಗಾಲಯದಲ್ಲಿ ಸುಲಭವಾಗಿ ಸಾಕಬಹುದು, ಅದರ ಜೀನ್‌ಗಳನ್ನು ತಿದ್ದಬಹುದು. ಬೇರಿನೊಳಗೆ ಮಾತ್ರ ಬೆಳೆಯುವ ಮೆಲಾಯ್ಡೊಗೈನ್‌ನಲ್ಲಿ ಅದು ಸುಲಭವಲ್ಲ. ಬೆನ್ನಿನ ಗ್ರಂಥಿಯನ್ನು ನರಗಳು ಹೇಗೆ ನಡೆಸುತ್ತವೆ ಎಂಬುದನ್ನು ದುಂಬಿಯ ಮೇಲಿನ ಈ ಹುಳುವಿನಲ್ಲಿ ಮೊದಲು ತಿಳಿದುಕೊಂಡು, ಆಮೇಲೆ ಬೇರಿನ ಹುಳುವಿನ ಸೆಕ್ಷನ್‌ಗಳಲ್ಲಿ ಅದೇ ಕೋಶಗಳನ್ನು ಅವುಗಳ ಜಾಗ ಮತ್ತು ತಂತುವಿನ ದಾರಿ ಹಿಡಿದು ಹುಡುಕುವುದು ಈಗ ಸಾಧ್ಯವಿರುವ ಕೆಲಸ.